ಸೋಲಾರ್ ಇನ್ವರ್ಟರ್ ಹೀಟ್ ಆಗದಂತೆ ನೋಡಿಕೊಳ್ಳುವುದು ಹೇಗೆ: ರಾಯಚೂರಿನ ಬಿಸಿಲಲ್ಲಿ ಕಲಿತ ಪೂರ್ತಿ ವಿಧಾನ

ಹೋದ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಪಕ್ಕದ ಮನೆಯ ಕಾಕಾ ಕರೆದರು. "ತಮ್ಮಾ, ಮಾಳಿಗೆ ಮ್ಯಾಲೆ ಒಂದಿಷ್ಟು ಬಂದು ನೋಡು. ಬಿಸಿಲು ಬೆಂಕಿ ಸುರಿದಂಗ ಐತಿ, ಕರೆಂಟು ಮಾತ್ರ ಕಡಿಮಿ ಬರಾಕತ್ತೈತಿ." ಮೊಬೈಲ್‌ನಲ್ಲಿ ಗ್ರಾಫ್ ತೋರಿಸಿದರು. ಅವರದು 5 ಕಿಲೋವ್ಯಾಟ್ ಸೋಲಾರ್. ಹನ್ನೆರಡಕ್ಕೆ 4.1 ಕಿಲೋವ್ಯಾಟ್ ಇದ್ದ ಗೆರೆ ಒಂದೂವರೆ ಹೊತ್ತಿಗೆ 2.6ಕ್ಕೆ ಇಳಿದಿತ್ತು. ಮೋಡದ ಸುಳಿವೇ ಇರಲಿಲ್ಲ.

ಮೇಲೆ ಹೋಗಿ ನೋಡಿದರೆ ಇನ್ವರ್ಟರ್, ಅಂದರೆ ಪ್ಯಾನೆಲ್‌ನ ಕರೆಂಟನ್ನು ಮನೆಗೆ ಬೇಕಾದ ಕರೆಂಟಾಗಿ ಬದಲಿಸುವ ಡಬ್ಬಿ, ಪಡುವಣ ಗೋಡೆಯ ಮೇಲಿದೆ. ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಹಾರಿ ಹೋಗದಂತೆ ಹಗ್ಗ ಕಟ್ಟಿದ್ದಾರೆ. ಪಾಪ, ಅದಕ್ಕೆ ಬಿಸಿಲು ತಾಗಬಾರದು ಅಂತ ಮಾಡಿದ್ದು. ಚೀಲ ಎತ್ತಿದೆ, ರೊಟ್ಟಿ ಹಂಚಿನ ಮುಂದೆ ಮುಖ ಇಟ್ಟ ಹಾಗೆ ಬಿಸಿ ಗಾಳಿ ಹೊಡೆಯಿತು. ಬಿಸಿ ಹೊರಗೆ ಬಿಡಲು ಹಿಂದೆ ಇರುವ ಅಲ್ಯೂಮಿನಿಯಂ ರೆಕ್ಕೆಗಳ ಸಂದಿಯಲ್ಲಿ ಗೋಣಿನಾರು, ಧೂಳು ತುಂಬಿಕೊಂಡು ಒಂದು ಪದರ ಕಟ್ಟಿತ್ತು. ಚೀಲ ತೆಗೆದು, ಒಂದು ಹಳೇ ಪ್ಲೈವುಡ್ ಹಲಗೆಯನ್ನು ಕೈಯಲ್ಲಿ ಹಿಡಿದು ದೂರದಿಂದ ನೆರಳು ಮಾಡಿ ನಿಂತೆವು. ಇಪ್ಪತ್ತು ನಿಮಿಷದಲ್ಲಿ ಗೆರೆ ಮತ್ತೆ ಮೇಲೆ ಹತ್ತತೊಡಗಿತು.

ಆ ಚೀಲ ನೆರಳು ಕೊಟ್ಟಿತ್ತು, ಆದರೆ ಗಾಳಿ ಕಸಿದುಕೊಂಡಿತ್ತು. ಈ ಬರಹದ ಪೂರ್ತಿ ತಿರುಳು ಇದೇ. ಇನ್ವರ್ಟರ್‌ನ ಬಿಸಿ ಹೊರಗಿಂದಷ್ಟೇ ಬರುವುದಲ್ಲ, ಅದರ ಹೊಟ್ಟೆಯೊಳಗೇ ಹುಟ್ಟುತ್ತದೆ. ಹೊರಗಿನದ್ದನ್ನು ತಡೆಯಬೇಕು, ಒಳಗಿನದ್ದಕ್ಕೆ ಹೊರಗೆ ಹೋಗಲು ದಾರಿ ಬಿಡಬೇಕು. ಎರಡರಲ್ಲಿ ಒಂದನ್ನು ಮಾಡಿ ಇನ್ನೊಂದನ್ನು ಮರೆತರೆ ಕೆಲಸ ಕೆಡುತ್ತದೆ.

2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಶುರುವಾಯಿತು. 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇರುವುದರಿಂದ ಎಷ್ಟೋ ಮನೆಗಳಿಗೆ ಈಗ ಸೋಲಾರ್ ಬಂದಿದೆ. ತುಂಬಾ ಒಳ್ಳೆಯದು. ಆದರೆ ಪ್ಯಾನೆಲ್ ಎಲ್ಲಿ ಕೂರಿಸಬೇಕು ಅಂತ ಯೋಚಿಸುವವರು ಇನ್ವರ್ಟರ್ ಎಲ್ಲಿ ಹಾಕಬೇಕು ಅಂತ ಯೋಚಿಸುವುದು ಕಡಿಮೆ. ವೈರ್ ಎಲ್ಲಿ ಹತ್ತಿರವೋ ಅಲ್ಲಿ ಹೊಡೆದು ಹೋಗುತ್ತಾರೆ. ಆಮೇಲೆ ಕಷ್ಟ ನಮಗೆ.

ಬಿಸಿ ಎಷ್ಟು, ಎಲ್ಲಿಂದ?

ಸಣ್ಣ ಲೆಕ್ಕ. ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಯಲ್ಲಿ ಬಳಸುವ ಎಸಿಗೆ ಬದಲಿಸುವಾಗ ಒಳ್ಳೆಯ ಇನ್ವರ್ಟರ್ ಕೂಡ 2–3% ಕಳೆದುಕೊಳ್ಳುತ್ತದೆ. 5 ಕಿಲೋವ್ಯಾಟ್ ಪೂರ್ತಿ ಓಡುವಾಗ ಅದು 100ರಿಂದ 150 ವ್ಯಾಟ್ ಆಯಿತು. ಹಳೇ ಕಾಲದ 100 ವ್ಯಾಟ್ ಬಲ್ಬ್ ನೆನಪಿದೆಯಲ್ವಾ, ಮುಟ್ಟಿದರೆ ಬೆರಳು ಸುಡುತ್ತಿತ್ತು. ಅಂಥದ್ದು ಒಂದೂವರೆ ಬಲ್ಬ್ ಮುಚ್ಚಿದ ಡಬ್ಬಿಯೊಳಗೆ ಉರಿಯುತ್ತಿದೆ ಅಂದುಕೊಳ್ಳಿ.

ಈಗ ಬಿಸಿಲಿನದು. ನೇರ ಬಿಸಿಲಲ್ಲಿ ಒಂದು ಚದರ ಅಡಿಗೆ ಸುಮಾರು 90 ವ್ಯಾಟ್ ಶಕ್ತಿ ಬೀಳುತ್ತದೆ. ಇನ್ವರ್ಟರ್‌ನ ಮುಖ ಎರಡು ಚದರ ಅಡಿ ಇದ್ದರೆ, ಬಿಸಿಲು ಓರೆಯಾಗಿ ಬಿದ್ದರೂ, ಒಂದಿಷ್ಟು ವಾಪಸ್ ಪ್ರತಿಫಲಿಸಿದರೂ, ಹತ್ತಿರ ಹತ್ತಿರ 100 ವ್ಯಾಟ್ ಒಳಗೆ ಇಳಿಯಬಹುದು. ಅಂದರೆ ಇನ್ವರ್ಟರ್ ತಾನು ಹುಟ್ಟಿಸುವ ಬಿಸಿಯ ಜೊತೆ ಇನ್ನೊಂದು ಅಷ್ಟೇ ದೊಡ್ಡ ಒಲೆ ಹಚ್ಚಿದ ಹಾಗೆ. ಸುತ್ತಲಿನ ಗಾಳಿಯೇ 42 ಡಿಗ್ರಿ ಇರುವಾಗ ಇಷ್ಟು ಬಿಸಿಯನ್ನು ಅದು ಎಲ್ಲಿಗೆ ಬಿಡಬೇಕು?

ಅದಕ್ಕೇ ಇನ್ವರ್ಟರ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಒಳಗಿನ ಬಿಸಿ ಮಿತಿ ಮುಟ್ಟಿದಾಗ ಕೆಲಸ ಕಡಿಮೆ ಮಾಡುತ್ತದೆ. ಇದಕ್ಕೆ ಡಿರೇಟಿಂಗ್ ಅನ್ನುತ್ತಾರೆ. ಬಹಳಷ್ಟು ಇನ್ವರ್ಟರ್‌ಗಳ ಡೇಟಾಶೀಟ್‌ನಲ್ಲಿ, ಅಂದರೆ ಕಂಪನಿ ಕೊಡುವ ವಿವರಪಟ್ಟಿಯಲ್ಲಿ, '45 ಡಿಗ್ರಿಯ ಮೇಲೆ ಡಿರೇಟಿಂಗ್' ಅಂತ ಬರೆದಿರುತ್ತದೆ, ಕೆಲವಕ್ಕೆ 40. ಆ 45 ಊರಿನ ಹವಾಮಾನದ ಸುದ್ದಿಯಲ್ಲಿ ಹೇಳುವ ಉಷ್ಣಾಂಶ ಅಲ್ಲ. ಇನ್ವರ್ಟರ್ ಪಕ್ಕದ ಗಾಳಿಯದ್ದು. ಪಡುವಣ ಗೋಡೆಯ ಮೂಲೆಯಲ್ಲಿ ಅದು ಸುದ್ದಿಯ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ.

ಕರೆಂಟು ಕಡಿಮೆಯಾಗುವುದು ಒಂದು ನಷ್ಟ. ಆಯಸ್ಸು ಕಡಿಮೆಯಾಗುವುದು ಅದಕ್ಕಿಂತ ದೊಡ್ಡದು. ಒಳಗೆ ಕರೆಂಟು ಹಿಡಿದಿಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಅನ್ನುವ ಬಿಡಿಭಾಗಗಳಿಗೆ ಒಂದು ಹಳೇ ಲೆಕ್ಕವಿದೆ: ಬಿಸಿ 10 ಡಿಗ್ರಿ ಏರಿದರೆ ಬಾಳಿಕೆ ಅರ್ಧಕ್ಕೆ ಬರುತ್ತದೆ. ಹಾಗಾಗಿ ನೀವು ಹತ್ತು ಡಿಗ್ರಿ ಇಳಿಸಿದರೂ ಅದು ದೊಡ್ಡ ಲಾಭ.

ಹಂತ 1: ಇದು ಹೀಟ್‌ನಿಂದಲೇ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬೇಸಿಗೆಯಲ್ಲಿ ಉತ್ಪಾದನೆ ಇಳಿದರೆ ಎಲ್ಲದಕ್ಕೂ ಇನ್ವರ್ಟರ್ ಕಾರಣ ಅಲ್ಲ.

ಪ್ಯಾನೆಲ್ ಕೂಡ ಬಿಸಿಗೆ ಸೋಲುತ್ತದೆ. 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ಸುಮಾರು 0.35% ಪವರ್ ಹೋಗುತ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ ಪ್ಯಾನೆಲ್ 65 ಡಿಗ್ರಿ ಮುಟ್ಟುವುದು ಹೊಸದೇನಲ್ಲ, ಅಂದರೆ 14% ಅಲ್ಲೇ ಹೋಯಿತು. ಅದಕ್ಕೆ ನೀವು ಏನೂ ಮಾಡುವ ಹಾಗಿಲ್ಲ, ಅದು ಅದರ ಗುಣ. ಚಳಿಗಾಲದ ತಂಪಿನ ದಿನ ಕಂಡ ಪೀಕ್ ಮೇ ತಿಂಗಳಲ್ಲಿ ಕಾಣದಿದ್ದರೆ ಗಾಬರಿ ಬೀಳಬೇಡಿ.

ಗ್ರಾಫ್‌ನ ಆಕಾರ ನೋಡಿ. ಗೆರೆ ಸರಿಯಾಗಿ 5 ಕಿಲೋವ್ಯಾಟ್‌ನಲ್ಲಿ ಮೇಜಿನ ಹಾಗೆ ಚಪ್ಪಟೆಯಾಗಿದ್ದರೆ ಅದು ಇನ್ವರ್ಟರ್‌ನ ಗರಿಷ್ಠ ಮಿತಿ, ತೊಂದರೆ ಅಲ್ಲ. ಗೆರೆ ಇದ್ದಕ್ಕಿದ್ದಂತೆ ಸೊನ್ನೆಗೆ ಬಿದ್ದು ಕೆಲವು ನಿಮಿಷದ ಮೇಲೆ ಎದ್ದರೆ ಅದು ಸಾಮಾನ್ಯವಾಗಿ ಲೈನಿನ ತೊಂದರೆ: ಒಂದೋ ಕರೆಂಟ್ ಹೋಗಿದೆ, ಇಲ್ಲಾ ವೋಲ್ಟೇಜ್ ಜಾಸ್ತಿಯಾಗಿ ಇನ್ವರ್ಟರ್ ಕಳಚಿಕೊಂಡಿದೆ. ಗೆರೆ ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ನಿಧಾನಕ್ಕೆ ಕುಸಿದು, ಅಥವಾ ಗರಗಸದ ಹಲ್ಲಿನ ಹಾಗೆ ಇಳಿದು ಹತ್ತಿ ಮಾಡುತ್ತಾ, ಸಂಜೆ ಗಾಳಿ ಬಂದಾಗ ಸ್ವಲ್ಪ ಚೇತರಿಸಿಕೊಂಡರೆ, ಆಗ ಹೀಟ್ ಮೇಲೆ ಅನುಮಾನ ಪಡಿ.

ಪಕ್ಕಾ ಗುರುತು ಇನ್ನೊಂದಿದೆ, ಇದನ್ನು ಹೇಳಿಕೊಡುವವರು ಕಡಿಮೆ. ಆ್ಯಪ್‌ನಲ್ಲಿ ಡಿಸಿ ವೋಲ್ಟೇಜ್ ನೋಡಿ. ಪ್ಯಾನೆಲ್ ಬಿಸಿಯಾದರೆ ಡಿಸಿ ವೋಲ್ಟೇಜ್ ಇಳಿಯುತ್ತದೆ. ಇನ್ವರ್ಟರ್ ಬಿಸಿಯಾಗಿ ಡಿರೇಟ್ ಮಾಡುವಾಗ ಮಾತ್ರ ಅದು ಬೇಕಂತಲೇ ಪ್ಯಾನೆಲ್‌ನಿಂದ ಕಡಿಮೆ ಕರೆಂಟ್ ಎಳೆಯುತ್ತದೆ, ಆಗ ವೋಲ್ಟೇಜ್ ಏರುತ್ತದೆ. ಕಾಕಾ ಮನೆಯಲ್ಲಿ 540 ವ್ಯಾಟ್‌ನ ಹತ್ತು ಪ್ಯಾನೆಲ್ ಒಂದೇ ಸಾಲಿನಲ್ಲಿವೆ. ಅವು ಬಿಸಿಲಲ್ಲಿ ಕಾದಾಗ 355 ವೋಲ್ಟ್ ಆಸುಪಾಸು ಇರಬೇಕು. ಅವತ್ತು 390ಕ್ಕೂ ಮೇಲಿತ್ತು, ಪವರ್ ಕೆಳಗಿತ್ತು. ಪವರ್ ಇಳಿದು ಡಿಸಿ ವೋಲ್ಟೇಜ್ ಏರಿದೆ ಅಂದರೆ ಇನ್ವರ್ಟರೇ ತಡೆ ಹಿಡಿಯುತ್ತಿದೆ. ಎಸಿ ವೋಲ್ಟೇಜ್ 250 ದಾಟಿಲ್ಲ ಅಂತಲೂ ನೋಡಿಕೊಳ್ಳಿ, ಯಾಕಂದರೆ ಲೈನ್ ವೋಲ್ಟೇಜ್ ಜಾಸ್ತಿ ಇದ್ದರೂ ಕೆಲವು ಇನ್ವರ್ಟರ್ ಹೀಗೇ ಮಾಡುತ್ತವೆ. ಅದು ಸರಿಯಿದ್ದರೆ ಹೀಟ್ ಅಂತ ತೀರ್ಮಾನ ಮಾಡಬಹುದು.

ಆ್ಯಪ್‌ನಲ್ಲಿ ಒಳಗಿನ ಉಷ್ಣಾಂಶವೂ ಕಾಣುತ್ತದೆ. 60 ಅಂತ ತೋರಿಸಿದರೆ ಹೆದರಬೇಡಿ, ಓಡುವ ಇನ್ವರ್ಟರ್ ಒಳಗೆ ಅಷ್ಟು ಇರುವುದು ಸಹಜ. ಆ ಅಂಕಿಗಿಂತ ಹೊರಗಿನ ಗಾಳಿಗೂ ಅದಕ್ಕೂ ಇರುವ ಅಂತರ ಮುಖ್ಯ. ಒಂದು ನೋಟ್‌ಬುಕ್ ಇಡಿ. ವಾರಕ್ಕೊಮ್ಮೆ, ಹೆಚ್ಚು ಕಡಿಮೆ ಅಷ್ಟೇ ಕಿಲೋವ್ಯಾಟ್ ಓಡುವಾಗ, ಒಳಗೆ ಎಷ್ಟು, ಹೊರಗೆ ನೆರಳಲ್ಲಿ ಎಷ್ಟು ಅಂತ ಬರೆಯಿರಿ. ಫೆಬ್ರವರಿಯಲ್ಲಿ ಅಂತರ 22 ಇದ್ದದ್ದು ಏಪ್ರಿಲ್‌ನಲ್ಲಿ 30 ಆದರೆ ಬೇಸಿಗೆಯನ್ನು ಬೈಯಬೇಡಿ, ಹೊರಗಿನ ಬಿಸಿಯನ್ನು ನೀವು ಆಗಲೇ ಕಳೆದಿದ್ದೀರಿ. ಅಷ್ಟು ಹೆಚ್ಚಿದೆ ಅಂದರೆ ರೆಕ್ಕೆ ಮುಚ್ಚಿದೆ, ಫ್ಯಾನ್ ನಿಂತಿದೆ, ಇಲ್ಲಾ ಹೊಸದಾಗಿ ಬಿಸಿಲು ಬೀಳತೊಡಗಿದೆ.

ಹಂತ 2: ಜಾಗ

ಇನ್ನೂ ಸೋಲಾರ್ ಹಾಕಿಸಿಲ್ಲ ಅಂದರೆ ನಿಮ್ಮಷ್ಟು ಅದೃಷ್ಟವಂತರಿಲ್ಲ. ಹಾಕಲು ಬಂದ ದಿನ ಪಕ್ಕದಲ್ಲೇ ನಿಂತು ಜಾಗ ನೀವೇ ತೋರಿಸಿ. "ಐಪಿ 65 ಸರ್, ಎಲ್ಲಿ ಬೇಕಾದ್ರೂ ಹಾಕಬಹುದು" ಅನ್ನುತ್ತಾರೆ. ಐಪಿ 65 ಅಂದರೆ ಒಳಗೆ ಧೂಳು ಹೋಗದು, ನೀರು ಚಿಮ್ಮಿದರೂ ತೊಂದರೆ ಇಲ್ಲ ಅಂತ ಅಷ್ಟೇ. ಬಿಸಿಲಿನ ಬಗ್ಗೆ ಆ ನಂಬರ್ ಒಂದಕ್ಷರವೂ ಹೇಳುವುದಿಲ್ಲ.

'ಉತ್ತರದ ಗೋಡೆಗೆ ಹಾಕಿ, ಅಲ್ಲಿ ಬಿಸಿಲೇ ಬೀಳುವುದಿಲ್ಲ' ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ನಮ್ಮ ರಾಜ್ಯಕ್ಕೆ ಅದು ಅರ್ಧ ನಿಜ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಶೂನ್ಯ ನೆರಳಿನ ದಿನ ಅಂತ ಮಕ್ಕಳಿಗೆ ಶಾಲೆಯಲ್ಲಿ ತೋರಿಸುತ್ತಾರಲ್ಲ, ಅದೇ. ರಾಯಚೂರಿಗೆ ಅದು ಮೇ ಮೊದಲ ವಾರ. ಅಲ್ಲಿಂದ ಆಗಸ್ಟ್‌ವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಕಡೆಗೇ ಇರುತ್ತಾನೆ. ಬೆಳಿಗ್ಗೆ ಸಂಜೆಯಂತೂ ಈಶಾನ್ಯ, ವಾಯವ್ಯದಿಂದ ಬಿಸಿಲು ಓರೆಯಾಗಿ ಉತ್ತರದ ಗೋಡೆಗೆ ಬೀಳುತ್ತದೆ. ಅಂದರೆ ಹೆಚ್ಚು ಸುಡುವ ಮೇ ತಿಂಗಳಲ್ಲೇ ಉತ್ತರದ ಗೋಡೆ ಪೂರ್ತಿ ನೆರಳಲ್ಲಿ ಇರುವುದಿಲ್ಲ.

ಒಳ್ಳೆಯ ಸುದ್ದಿ ಏನೆಂದರೆ, ಆಗ ಸೂರ್ಯ ನೆತ್ತಿಗೆ ಬಹಳ ಹತ್ತಿರ ಇರುತ್ತಾನೆ. ಒಂದೇ ಒಂದು ಅಡಿ ಸಜ್ಜಾ ಇದ್ದರೂ ಮಧ್ಯಾಹ್ನದ ನೆರಳು ಗೋಡೆಯ ಮೇಲೆ ಏಳೆಂಟು ಅಡಿ ಕೆಳಗಿನವರೆಗೆ ಬೀಳುತ್ತದೆ. ಹಾಗಾಗಿ ಉತ್ತರದ ಗೋಡೆ, ಮೇಲೆ ಸಜ್ಜಾ, ಸಂಜೆಯ ಓರೆ ಬಿಸಿಲಿಗೆ ಪಡುವಣ ಬದಿಯಲ್ಲಿ ಒಂದು ಅಡ್ಡ ತಗಡು. ಹೊರಗೆ ಹಾಕುವುದಾದರೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎರಡನೆಯದು ಮೂಡಣ ಗೋಡೆ. ಅಲ್ಲಿ ಬಿಸಿಲು ಬೀಳುವುದು ಬೆಳಿಗ್ಗೆ, ಗಾಳಿ ಇನ್ನೂ ತಂಪಾಗಿರುವಾಗ, ಇನ್ವರ್ಟರ್ ಮೇಲೆ ಲೋಡ್ ಕಡಿಮೆ ಇರುವಾಗ. ತೆಂಕಣ ಗೋಡೆಗೆ ಬಿಸಿಲು ಜೋರಾಗಿ ಬೀಳುವುದು ಚಳಿಗಾಲದಲ್ಲಿ, ಹೇಗೋ ನಡೆಯುತ್ತದೆ. ಪಡುವಣ ಗೋಡೆ ಮಾತ್ರ ಬೇಡವೇ ಬೇಡ. ಗಾಳಿ ಅತಿ ಬಿಸಿ ಇರುವ ಹೊತ್ತಿಗೇ ಬಿಸಿಲೂ ನೇರ ಬೀಳುತ್ತದೆ, ಗೋಡೆ ಕಾದು ರಾತ್ರಿ ಎಂಟಾದರೂ ಬಿಸಿ ಬಿಡುತ್ತಿರುತ್ತದೆ.

ಮೆಟ್ಟಿಲ ಮೇಲಿನ ಸಣ್ಣ ಕೋಣೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಜಾಗ ಒಳ್ಳೆಯದೇ, ಆದರೆ ಮೇಲೆ ತಗಡಿದ್ದು, ಕಬ್ಬಿಣದ ಬಾಗಿಲು ಸದಾ ಮುಚ್ಚಿದ್ದರೆ ಅದು ಒಲೆಯೇ. ಕಿಟಕಿ ಇದ್ದು, ಎದುರು ಬದುರು ಗಾಳಿ ಆಡುವಂತಿದ್ದರೆ ಹಾಕಿ. ಹಿಂದೆ ಪ್ಲೈವುಡ್ ಹಲಗೆ ಹೊಡೆದು ಅದರ ಮೇಲೆ ಇನ್ವರ್ಟರ್ ಕೂರಿಸುವವರಿದ್ದಾರೆ, ಅದನ್ನು ಒಪ್ಪಬೇಡಿ, ಹೊತ್ತಿಕೊಳ್ಳುವ ವಸ್ತು ಅದು. ಸಿಮೆಂಟ್ ಶೀಟ್ ಅಥವಾ ಬರೀ ಗೋಡೆಯೇ ಸರಿ.

ಹಂತ 3: ನೆರಳು, ಆದರೆ ಮುಟ್ಟದ ನೆರಳು

ಆಗಲೇ ತಪ್ಪು ಜಾಗದಲ್ಲಿ ಇದೆ ಅನ್ನುವವರಿಗೆ ಇದು. ನೆರಳು ಇನ್ವರ್ಟರ್‌ಗೆ ತಾಗಬಾರದು. ಮೇಲಿಂದ ಕನಿಷ್ಠ ಒಂದೂವರೆ ಅಡಿ ದೂರದಲ್ಲಿ ಒಂದು ಸಣ್ಣ ಚಪ್ಪರ ಮಾಡಿಸಿ. ಬೆಸುಗೆ ಹಾಕುವವರ ಹತ್ತಿರ ಎಲ್ ಆ್ಯಂಗಲ್ ಬ್ರಾಕೆಟ್ ಮಾಡಿಸಿ, ಮೇಲೆ ಸಿಮೆಂಟ್ ಶೀಟ್ ಹಾಕಿ. ಬರೀ ತಗಡು ಹಾಕಿದರೆ ಅದೇ ಕಾದು ಕೆಳಗೆ ಬಿಸಿ ಬೀರುತ್ತದೆ, ತಗಡೇ ಇರುವುದಾದರೆ ಮೇಲೆ ಬಿಳಿ ಪೇಂಟ್ ಬಳಿಯಿರಿ. ಶೀಟನ್ನು ಗೋಡೆಗೆ ಅಂಟಿಸದೆ ಎರಡಿಂಚು ಬಿಡಿ, ಮೇಲೇರಿದ ಬಿಸಿ ಗಾಳಿ ಆ ಸಂದಿಯಲ್ಲಿ ಹೊರಟು ಹೋಗಲಿ.

ಪಡುವಣದ ಬಿಸಿಲಿಗೆ ಮೇಲಿನ ಚಪ್ಪರ ಸಾಲದು, ಬಿಸಿಲು ಎದುರಿನಿಂದ ಬರುತ್ತದೆ. ಮುಂದೆ ಒಂದಡಿ ಬಿಟ್ಟು ಇನ್ನೊಂದು ಶೀಟನ್ನು ಪರದೆಯ ಹಾಗೆ ನಿಲ್ಲಿಸಿ, ಕೆಳಗೂ ಮೇಲೂ ತೆರೆದಿರಬೇಕು. ಕಳ್ಳರ ಭಯ, ಕೋತಿ ಕಾಟ ಅಂತ ಕಬ್ಬಿಣದ ಪೆಟ್ಟಿಗೆ ಮಾಡಿಸಿ ಬೀಗ ಹಾಕುವವರು ಬಹಳ ಮಂದಿ. ಬೀಗ ಹಾಕಿ, ಆದರೆ ಪೆಟ್ಟಿಗೆಯ ಎಲ್ಲ ಬದಿಯೂ ದೊಡ್ಡ ಕಿಂಡಿಯ ಜಾಲರಿ ಇರಲಿ.

ಸುತ್ತಲಿನ ಗೋಡೆಗೆ, ಕೆಳಗಿನ ಮಾಳಿಗೆಯ ನೆಲಕ್ಕೆ ಬಿಳಿ ಸುಣ್ಣ ಹೊಡೆಯಿರಿ. ಸುಣ್ಣಕ್ಕೆ ಎಷ್ಟು ದುಡ್ಡು ಹೋದೀತು? ಕಪ್ಪಗಾದ ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಆಮೇಲೆ ಸುಣ್ಣ ಬಳಿದ ನೆಲದ ಮೇಲೆ ನಿಂತು ನೋಡಿ, ಬೇರೆ ಸಾಕ್ಷಿ ಬೇಡ.

ಹಂತ 4: ಗಾಳಿ

ಮನೆಗೆ ಹಾಕುವ ಸಣ್ಣ ಇನ್ವರ್ಟರ್‌ಗಳಲ್ಲಿ ಬಹಳಷ್ಟಕ್ಕೆ ಫ್ಯಾನ್ ಇರುವುದಿಲ್ಲ. ಹಿಂದಿನ ರೆಕ್ಕೆಗಳ ಸಂದಿಯಲ್ಲಿ ಬಿಸಿ ಗಾಳಿ ತಾನಾಗಿ ಮೇಲೇರುತ್ತದೆ, ಕೆಳಗಿಂದ ತಂಪು ಗಾಳಿ ಬರುತ್ತದೆ. ಅದಕ್ಕೇ ಇನ್ವರ್ಟರ್ ನೆಟ್ಟಗೆ ನಿಂತಿರಬೇಕು. ಅಡ್ಡ ಮಲಗಿಸಿದರೆ ಈ ಹರಿವು ನಿಂತು ಹೋಗುತ್ತದೆ. ಎಷ್ಟು ಜಾಗ ಬಿಡಬೇಕು ಅಂತ ಅದರ ಮ್ಯಾನುಯಲ್‌ನಲ್ಲಿ ಚಿತ್ರ ಸಮೇತ ಇರುತ್ತದೆ. ಸಿಗದಿದ್ದರೆ ಪಕ್ಕಕ್ಕೆ ಒಂದಡಿ, ಮೇಲೆ ಕೆಳಗೆ ಒಂದೂವರೆ ಅಡಿಗಿಂತ ಜಾಸ್ತಿ ಇಟ್ಟುಕೊಳ್ಳಿ. ಎರಡು ಇನ್ವರ್ಟರ್ ಇದ್ದರೆ ಒಂದರ ಮೇಲೊಂದು ಬೇಡ, ಕೆಳಗಿನದರ ಬಿಸಿಯನ್ನು ಮೇಲಿನದು ಉಸಿರಾಡಬೇಕಾಗುತ್ತದೆ. ಪಕ್ಕ ಪಕ್ಕ ಹಾಕಿ, ಇಲ್ಲವೇ ಓರೆಯಾಗಿ.

ಇಷ್ಟಾದರೂ ಸಾಲದಿದ್ದರೆ ಕಂಪ್ಯೂಟರ್‌ಗೆ ಹಾಕುವ 120 ಮಿಲಿಮೀಟರ್‌ನ ಫ್ಯಾನ್ ಎರಡು ತನ್ನಿ. ರೆಕ್ಕೆಗಳ ಕೆಳಗೆ, ಮುಖ ಮೇಲೆ ಮಾಡಿ, ಬ್ರಾಕೆಟ್‌ನಲ್ಲಿ ಕೂರಿಸಿ. ಗಾಳಿ ಕೆಳಗಿಂದ ಮೇಲೆ ಹೋಗಬೇಕು, ಬಿಸಿಗೂ ಅದೇ ದಾರಿ. ಒಂದೊಂದಕ್ಕೆ ಮೂರ್ನಾಲ್ಕು ವ್ಯಾಟ್ ಹಿಡಿಯುತ್ತದೆ, 12 ವೋಲ್ಟ್ ಅಡಾಪ್ಟರ್ ಸಾಕು. ಮಧ್ಯೆ ಒಂದು ಥರ್ಮೋಸ್ಟಾಟ್ ಸ್ವಿಚ್ ಹಾಕಿದರೆ ಬಿಸಿಯಾದಾಗ ಮಾತ್ರ ತಿರುಗುತ್ತದೆ. ಮಳೆ ನೀರು ತಾಗದ ಹಾಗೆ ನೋಡಿಕೊಳ್ಳಿ. ಇನ್ವರ್ಟರ್‌ಗೆ ತೂತು ಹೊಡೆಯುವುದು, ಸ್ಕ್ರೂ ಹಾಕುವುದು ಬೇಡ. ವಾರಂಟಿ ಹೋಗುತ್ತದೆ, ಡಬ್ಬಿಯೊಳಗೆ ನೀರೂ ಇಳಿಯುತ್ತದೆ.

ಕೋಣೆಯಲ್ಲಿ ಇಟ್ಟವರು ಎಕ್ಸಾಸ್ಟ್ ಫ್ಯಾನ್ ಲೆಕ್ಕ ಹೀಗೆ ಹಾಕಿ. 10 ಕಿಲೋವ್ಯಾಟ್ ಇನ್ವರ್ಟರ್ 250 ವ್ಯಾಟ್ ಬಿಸಿ ಬಿಡುತ್ತದೆ ಅನ್ನಿ. ಕೋಣೆಯ ಗಾಳಿ ಹೊರಗಿಗಿಂತ 5 ಡಿಗ್ರಿಗೆ ಮೇಲೆ ಹೋಗಬಾರದು ಅಂದರೆ ಗಂಟೆಗೆ ಸುಮಾರು 150 ಘನ ಮೀಟರ್ ಗಾಳಿ ಬದಲಾಗಬೇಕು. ಅಡುಗೆಮನೆಗೆ ಹಾಕುವ ಆರಿಂಚಿನ ಫ್ಯಾನ್ ಇಷ್ಟನ್ನು ಮಾಡುತ್ತದೆ. ಫ್ಯಾನ್ ಗೋಡೆಯ ಮೇಲ್ಭಾಗದಲ್ಲಿ, ಗಾಳಿ ಬರುವ ಕಿಂಡಿ ಎದುರು ಗೋಡೆಯ ಕೆಳಭಾಗದಲ್ಲಿ. ಕಿಂಡಿಯೇ ಇಲ್ಲದೆ ಫ್ಯಾನ್ ಹಾಕಿದವರ ಮನೆ ನೋಡಿದ್ದೇನೆ. ಫ್ಯಾನ್ ತಿರುಗುತ್ತದೆ, ಗಾಳಿ ಹೋಗುವುದಿಲ್ಲ. ಒಳಗೆ ಬರಲು ದಾರಿ ಇಲ್ಲದಿದ್ದರೆ ಹೊರಗೆ ಹೋಗುವುದಾದರೂ ಏನು?

ಬ್ಯಾಟರಿ ಇದ್ದರೆ ಅದನ್ನು ಇನ್ವರ್ಟರ್ ಕೆಳಗೆ ಇಡಬೇಡಿ. ಲೆಡ್ ಆಸಿಡ್ ಬ್ಯಾಟರಿಯ ಆವಿ ನೇರ ಮೇಲೇರಿ ಒಳಗಿನ ಬೋರ್ಡ್ ತಿನ್ನುತ್ತದೆ.

ಹಂತ 5: ಧೂಳು ತೆಗೆಯುವುದು

ನಮ್ಮ ಭಾಗದಲ್ಲಿ ಧೂಳು ಒಂದೇ ಥರದ್ದಲ್ಲ. ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ ಕಡೆ ಹತ್ತಿಯ ಎಳೆ ಹಾರುತ್ತದೆ. ಅದು ಫ್ಯಾನ್ ಜಾಲರಿಗೆ ಕಂಬಳಿ ಹೊದಿಸಿದ ಹಾಗೆ ಕೂರುತ್ತದೆ. ಸಿಂಧನೂರು, ಗಂಗಾವತಿ ಕಡೆ ರೈಸ್ ಮಿಲ್‌ನ ತೌಡು, ಹೊಟ್ಟು. ತೌಡಿನಲ್ಲಿ ಎಣ್ಣೆ ಅಂಶ ಇರುವುದರಿಂದ ಊದಿದರೆ ಹೋಗುವುದಿಲ್ಲ, ಬ್ರಷ್‌ನಲ್ಲಿ ತಿಕ್ಕಲೇಬೇಕು. ಸಿಂಧನೂರಿನ ಒಂದು ಮಿಲ್ಲಿನಲ್ಲಿ ಇನ್ವರ್ಟರ್ ಫ್ಯಾನ್ ತೆಗೆದಾಗ ಒಂದೊಂದು ಎಲೆಯ ಅಂಚಿಗೂ ಬೆರಳು ದಪ್ಪ ತೌಡು ಮೆತ್ತಿತ್ತು, ಕೈಯಲ್ಲಿ ತಿರುಗಿಸಿದರೂ ಬಿಗಿ. ಅಂಥ ಜಾಗದಲ್ಲಿ ತಿಂಗಳಿಗೊಮ್ಮೆ ಮಾಡದೆ ಗತಿಯಿಲ್ಲ.

ಮನೆಗಳಲ್ಲಿ ಕಣಜದ ಕಾಟ ಜಾಸ್ತಿ. ರೆಕ್ಕೆಗಳ ಸಂದಿ ಅವಕ್ಕೆ ಹೇಳಿ ಮಾಡಿಸಿದ ಜಾಗ, ಮಣ್ಣು ತಂದು ಗೂಡು ಕಟ್ಟುತ್ತವೆ. ಎರಡು ಸಂದಿ ಮುಚ್ಚಿದರೆ ಅಲ್ಲಿಗೆ ಗಾಳಿ ಬಂದ್. ಹಲ್ಲಿಗಳೂ ಫ್ಯಾನ್ ಹತ್ತಿರ ಸೇರಿಕೊಳ್ಳುತ್ತವೆ.

ಮನೆಗೆ ವರ್ಷಕ್ಕೆ ಮೂರು ಸಲ ಸಾಕು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದಲ್ಲ, ಆ ವಾರ ಒಮ್ಮೆ. ಯುಗಾದಿ ಕಳೆದು ತಿಂಗಳಿಗೆ ಇನ್ನೊಮ್ಮೆ. ಸುಗ್ಗಿಯ ಧೂಳು ಅಡಗಿದ ಮೇಲೆ ಮೂರನೆಯದು.

ಮಾಡುವ ಕ್ರಮ ಇದು, ಅವಸರ ಬೇಡ. ಬೆಳಿಗ್ಗೆ ಬಿಸಿಲೇರುವ ಮೊದಲು ಅಥವಾ ಸಂಜೆ ಹೊತ್ತು ಮುಳುಗಿದ ಮೇಲೆ ಮಾಡಿ. ಮೊದಲು ಎಸಿ ಬ್ರೇಕರ್ ಆಫ್. ಆಮೇಲೆ ಡಿಸಿ ಐಸೋಲೇಟರ್, ಅಂದರೆ ಪ್ಯಾನೆಲ್ ಕಡೆಯ ಸ್ವಿಚ್, ಆಫ್. ಹತ್ತು ನಿಮಿಷ ಕಾಯಿರಿ, ಒಳಗಿನ ಕೆಪಾಸಿಟರ್‌ನಲ್ಲಿ ಉಳಿದ ಕರೆಂಟು ಇಳಿಯಲಿ. ಐಸೋಲೇಟರ್ ಆಫ್ ಮಾಡಿದರೂ ಬೆಳಕಿರುವವರೆಗೆ ಪ್ಯಾನೆಲ್‌ನಿಂದ ಬರುವ ವೈರ್‌ನಲ್ಲಿ ನೂರಾರು ವೋಲ್ಟ್ ಇದ್ದೇ ಇರುತ್ತದೆ, ಅದನ್ನು ಮರೆಯಬೇಡಿ. ಪ್ಯಾನೆಲ್ ವೈರ್ ಜೋಡಿಸುವ ಎಂಸಿ4 ಕನೆಕ್ಟರ್‌ಗಳನ್ನು ಓಡುವಾಗ ಕಿತ್ತರೆ ಬೆಂಕಿಯ ಕಿಡಿ ಚಿಮ್ಮುತ್ತದೆ, ಡಿಸಿ ಕಿಡಿ ಆರುವುದೂ ಕಷ್ಟ. ಅವನ್ನು ಮುಟ್ಟಲೇಬೇಡಿ.

ಒಣ ಪೇಂಟ್ ಬ್ರಷ್‌ನಿಂದ ರೆಕ್ಕೆಗಳನ್ನು ಮೇಲಿಂದ ಕೆಳಗೆ ಉಜ್ಜಿ. ಕಣಜದ ಗೂಡನ್ನು ಮರದ ಕಡ್ಡಿಯಿಂದ ಬಿಡಿಸಿ. ಆಮೇಲೆ ಬ್ಲೋವರ್. ಫ್ಯಾನ್ ಇದ್ದರೆ ಊದುವ ಮೊದಲು ಎಲೆಗಳು ತಿರುಗದಂತೆ ಒಂದು ಕಡ್ಡಿ ಅಡ್ಡ ಇಡಿ, ಇಲ್ಲದಿದ್ದರೆ ಬ್ಲೋವರ್ ಗಾಳಿಗೆ ಅತಿ ಜೋರಾಗಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಪ್ರೆಷರ್ ಪೈಪಿನ ನೀರು ಬೇಡ. ವಾಪಸ್ ಹಾಕುವಾಗ ಮೊದಲು ಡಿಸಿ, ಆಮೇಲೆ ಎಸಿ, ಮ್ಯಾನುಯಲ್‌ನಲ್ಲಿ ಬೇರೆ ಕ್ರಮ ಇದ್ದರೆ ಅದರಂತೆ.

ಹಂತ 6: ಪಕ್ಕದ ಡಬ್ಬಿ ಮತ್ತು ವೈರ್

ಎಷ್ಟೋ ಸಲ ಇನ್ವರ್ಟರ್ ಚೆನ್ನಾಗಿಯೇ ಇರುತ್ತದೆ, ಅದರ ಪಕ್ಕದ, ಎಸಿ ಬ್ರೇಕರ್ ಇರುವ ಡಬ್ಬಿ ಕಾದಿರುತ್ತದೆ. ಒಳಗಿನ ಎಂಸಿಬಿಯ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಬ್ರೇಕರ್) ರೇಟಿಂಗ್ 30 ಡಿಗ್ರಿ ಗಾಳಿಗೆ ಲೆಕ್ಕ ಹಾಕಿದ್ದು. ಬಿಸಿಲಲ್ಲಿರುವ ಮುಚ್ಚಿದ ಡಬ್ಬಿಯೊಳಗೆ 60 ಆದಾಗ 25 ಆಂಪ್ಸ್ ಎಂಸಿಬಿ 22 ಆಂಪ್ಸ್‌ಗೇ ಬೀಳಬಹುದು. 5 ಕಿಲೋವ್ಯಾಟ್‌ಗೆ 230 ವೋಲ್ಟ್‌ನಲ್ಲಿ ಸುಮಾರು 22 ಆಂಪ್ಸ್ ಹರಿಯುತ್ತದೆ. ದಿನಾ ಮಧ್ಯಾಹ್ನ ಟ್ರಿಪ್ ಆಗುತ್ತದೆ, ಸಂಜೆ ಸರಿ ಇರುತ್ತದೆ ಅನ್ನುವವರು ಡಬ್ಬಿಗೂ ನೆರಳು ಕೊಡಿ. ಎಂಸಿಬಿ ದೊಡ್ಡದು ಮಾಡುವ ಮೊದಲು ವೈರ್ ಅದಕ್ಕೆ ತಕ್ಕ ದಪ್ಪ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ.

ಸಡಿಲ ಸ್ಕ್ರೂ ಇನ್ನೂ ಅಪಾಯ. ಸಡಿಲ ಇದ್ದಲ್ಲಿ ಬಿಸಿ, ಬಿಸಿಯಾದಲ್ಲಿ ಇನ್ನೂ ಸಡಿಲ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಬಂದರೆ ತಡ ಮಾಡಬೇಡಿ. ಸಾವಿರ ರೂಪಾಯಿ ಆಸುಪಾಸಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಸಿಗುತ್ತದೆ, ದೂರದಿಂದಲೇ ಅಳೆಯಬಹುದು. ಒಂದು ಕಿವಿಮಾತು: ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಸುಳ್ಳು ಹೇಳುತ್ತದೆ, ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ತಣ್ಣಗಿರುವಾಗ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿಟ್ಟು ಅದರ ಮೇಲೆ ಅಳೆಯಿರಿ. ಅಕ್ಕಪಕ್ಕದ ಎರಡು ಎಂಸಿಬಿಗಳಲ್ಲಿ ಅಷ್ಟೇ ಲೋಡ್‌ಗೆ ಒಂದು 15 ಡಿಗ್ರಿ ಜಾಸ್ತಿ ತೋರಿಸಿದರೆ ಅಲ್ಲಿ ಏನೋ ಸಡಿಲ ಇದೆ.

ಕೊಳ್ಳುವ ಮೊದಲು

ಡೇಟಾಶೀಟ್ ಕೇಳಿ ಪಡೆಯಿರಿ. ಡಿರೇಟಿಂಗ್ ಎಷ್ಟು ಡಿಗ್ರಿಗೆ ಶುರು ಅಂತ ನೋಡಿ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರಿಗೆ 40ಕ್ಕೆ ಶುರುವಾಗುವುದಕ್ಕೂ 50ಕ್ಕೆ ಶುರುವಾಗುವುದಕ್ಕೂ ಬಹಳ ವ್ಯತ್ಯಾಸ. ಪ್ಯಾನೆಲ್‌ಗಿಂತ ಸಣ್ಣ ಇನ್ವರ್ಟರ್ ಹಾಕಿ ದುಡ್ಡು ಉಳಿಸುವುದು ತಂಪು ಊರಿಗೆ ಸರಿ, ಇಲ್ಲಿ ಅದು ದಿನವಿಡೀ ಏದುಸಿರು ಬಿಡುತ್ತದೆ. ಮಂಜೂರಾದ ಲೋಡ್ ಒಪ್ಪುವುದಾದರೆ 5 ಕಿಲೋವ್ಯಾಟ್ ಪ್ಯಾನೆಲ್‌ಗೆ 6 ಕಿಲೋವ್ಯಾಟ್ ಇನ್ವರ್ಟರ್ ಹಾಕಿಸುವುದು ನನ್ನ ಆಯ್ಕೆ. ಇನ್ವರ್ಟರ್ ಯಾವ ಗೋಡೆಗೆ ಅನ್ನುವುದನ್ನೂ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.

ಹೊಲದಲ್ಲಿ ಸೋಲಾರ್ ಪಂಪ್ ಇರುವ ರೈತರೇ, ನಿಮ್ಮ ಕಂಟ್ರೋಲರ್ ಡಬ್ಬಿಗೂ ಇದೇ ಮಾತು. ಪ್ಯಾನೆಲ್ ಕೆಳಗಿನ ನೆರಳಲ್ಲಿ ಹಾಕಿಸಿ, ನೆಲದಿಂದ ಮೂರ್ನಾಲ್ಕು ಅಡಿ ಮೇಲೆ. ಡಬ್ಬಿಯ ಬದಿಯಲ್ಲಿ ಫಿಲ್ಟರ್ ಸ್ಪಾಂಜ್ ಇದ್ದರೆ ತಿಂಗಳಿಗೊಮ್ಮೆ ತೆಗೆದು ಕೊಡವಿ.

ಯಾವಾಗ ನಿಮ್ಮ ಕೈ ಬಿಟ್ಟು ಕಂಪನಿಯವರನ್ನು ಕರೆಯಬೇಕು

ಕಾದ ಇನ್ವರ್ಟರ್ ಮೇಲೆ ನೀರು ಎರಚಬೇಡಿ, ಒದ್ದೆ ಬಟ್ಟೆ ಹಾಕಬೇಡಿ, ಕೂಲರ್ ಮುಖ ಅದರ ಕಡೆ ತಿರುಗಿಸಬೇಡಿ. ನಮ್ಮ ಬೋರ್ ನೀರಿನ ಉಪ್ಪು ರೆಕ್ಕೆಗಳ ಮೇಲೆ ಬಿಳಿ ಪದರ ಕಟ್ಟುತ್ತದೆ. ಮುಚ್ಚಳ ಬಿಚ್ಚುವ ಕೆಲಸ ನಮ್ಮದಲ್ಲ. ನೆರಳು, ಗಾಳಿ, ಸ್ವಚ್ಛ ಎಲ್ಲ ಮಾಡಿದ ಮೇಲೂ ಒಳ ಹೊರಗಿನ ಅಂತರ ಇಳಿಯದಿದ್ದರೆ, ಫ್ಯಾನ್ ಎರರ್ ಬಂದರೆ, ಫ್ಯಾನ್ ಕರಕರ ಅಂದರೆ ದೂರು ಕೊಡಿ. ಗ್ರಾಫ್‌ನ ಸ್ಕ್ರೀನ್‌ಶಾಟ್, ಡಿಸಿ ವೋಲ್ಟೇಜ್ ಏರಿದ್ದು, ನೋಟ್‌ಬುಕ್‌ನ ಅಂಕಿ ಮೂರನ್ನೂ ಕಳಿಸಿ. "ಬೇಸಿಗೆ ಅಲ್ವಾ ಸರ್, ಹಾಗೇ ಇರುತ್ತೆ" ಅನ್ನುವ ಉತ್ತರಕ್ಕೆ ಆಗ ಜಾಗ ಇರುವುದಿಲ್ಲ.

ಕಾಕಾ ಮನೆಯದನ್ನು ಮೇ ತಿಂಗಳ ಮೊದಲೇ ಮೂಡಣ ಗೋಡೆಗೆ ಎತ್ತಿ ಹಾಕಿಸಿದೆವು. ಹನ್ನೆರಡು ಮೀಟರ್ ಹೆಚ್ಚಿಗೆ ಕೇಬಲ್, ಒಂದು ದಿನದ ಕೂಲಿ, ಒಂದು ಸಿಮೆಂಟ್ ಶೀಟ್. ದಿನಕ್ಕೆ ಮೂರು ಗಂಟೆ ಒಂದೊಂದು ಕಿಲೋವ್ಯಾಟ್ ಉಳಿದರೂ ಎರಡು ತಿಂಗಳಿಗೆ 180 ಯೂನಿಟ್ ಆಗುತ್ತದೆ. ಗೋಣಿಚೀಲ ಈಗ ಅವರ ಕುಡಿಯುವ ನೀರಿನ ಮಡಕೆಗೆ ಸುತ್ತಿದೆ.